ನಾನು ಬರೆದ ಕೆಂಪು ಅಕ್ಷರ

ನಮ್ಮ ಹಿರಿಯ ಸಿಸ್ಟರ್‌ರ ಕನ್ನಡಕ ಮೂಗಿನ ಮೇಲೆ ಇದ್ದುದಕ್ಕಿಂತ ನೆತ್ತಿಯ ಮೇಲೆ ಇದ್ದುದೇ ಹೆಚ್ಚು. ರೋಗಿ ಬಂದು ಕೂತ ಕೂಡಲೇ ಅದನ್ನು ಮೇಲಕ್ಕೆ ತಳ್ಳುತ್ತಿದ್ದರು; ಅದಿಲ್ಲದೆ ಅವರಿಗೆ ರೋಗಿಯ ಚಿಕಿತ್ಸೆಯ ಕಾರ್ಡಿನ ಒಂದಕ್ಷರವೂ ಕಾಣದು. ‘ಕಾರ್ಡು ಎಲ್ಲಿಗೆ ಹೋಗ್ತತಿ? ಮೊದ್ಲು ಮನುಷ್ಯನ್ನ ಕೇಳು’ ಎನ್ನುತ್ತಿದ್ದರು. ಶಿಕಾರಿಪುರದ ಆಸ್ಪತ್ರೆಯಲ್ಲಿ ಅವರ ಕೈಕೆಳಗೆ ಆಗಷ್ಟೇ ನರ್ಸ್ ಆಗಿ ಸೇರಿದ್ದ ನನಗೆ ಅದು ಕೆಲಸ ಕೆಡಿಸುವ ಚಟ ಎನಿಸುತ್ತಿತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ನನ್ನದೂ ಅದೇ ಕಥೆ.

ಕ್ಷಯಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದ ಕುರಿ ಕಾಯುವ ಯಜಮಾನರೊಬ್ಬರು ಒಂದು ಸಲ ತಿಂಗಳು ತಡವಾಗಿ ಬಂದರು. ಯಾಕೆಂದು ಕೇಳಲು ನಾನು ಎದ್ದು ಹೊರಗೂ ಹೋಗಲಿಲ್ಲ. ಒಳಗೇ ಕೂತು ಅವರ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ‘ಡಿಫಾಲ್ಟರ್’ ಎಂದು ಬರೆದೆ, ಚಿಕಿತ್ಸೆ ಬಿಟ್ಟು ತಪ್ಪಿಸಿಕೊಂಡವನು ಅಂತ. ಕೆಳಗೆ ಎರಡು ಗೆರೆ ಬೇರೆ ಎಳೆದೆ. ಗೊಬ್ಬರಕ್ಕೆಂದು ಮಂದೆಯನ್ನು ಹೊಲದಿಂದ ಹೊಲಕ್ಕೆ ಹೊಡೆದುಕೊಂಡು ಹೋಗುವವರು ತಿಂಗಳುಗಟ್ಟಲೆ ಊರಲ್ಲಿರುವುದಿಲ್ಲ ಎಂಬುದು ನನಗೆ ತಿಳಿಯದ್ದಲ್ಲ. ನಾನೂ ಇದೇ ಸೀಮೆಯವಳು.

ಮುಂದೆ ಮಾತ್ರೆ ಮುಗಿದಾಗ ಅವರ ಕುರಿ ಸೊರಬದ ಕಡೆ ಇದ್ದವು. ಅಲ್ಲೇ ಒಂದು ಆಸ್ಪತ್ರೆಗೆ ಹೋದರು. ಕಾರ್ಡು ನೋಡಿದವರು, ಬಿಟ್ಟು ಓಡುವವನಿಗೆ ಮಾತ್ರೆ ಕೊಟ್ಟರೂ ದಂಡ ಎಂದು ವಾಪಸು ಕಳಿಸಿದರು. ಆಮೇಲೆ ಅವರು ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಕೆಮ್ಮಿದರೆ ರಕ್ತ ಬೀಳುತ್ತಿದೆ ಎಂದು ಅವರ ಹೆಂಡತಿ ಬಂದು ಹೇಳಿದ ದಿನ ಸಿಸ್ಟರ್ ನನ್ನನ್ನೂ ಕರೆದುಕೊಂಡು ಸೊರಬಕ್ಕೆ ಹೊರಟರು.

ಯಜಮಾನರು ಹೊಲದ ಬದುವಿನಲ್ಲಿ ಕಂಬಳಿ ಹೊದ್ದು ಮಲಗಿದ್ದರು. ‘ನಾ ಓಡಿಹೋಗಿಲ್ರಿ, ಕುರಿ ಹೋದ ಕಡೆ ಹೋದೆ’ ಎಂದರು.

ಸಿಸ್ಟರ್ ಕನ್ನಡಕ ಇಳಿಸಿ ಕಾರ್ಡು ನೋಡಿದರು. ಅಕ್ಷರ ಯಾರದೆಂದು ಅವರಿಗೆ ಗೊತ್ತಾಯಿತು. ನನ್ನ ಕಡೆ ತಿರುಗದೆ, ‘ತಪ್ಪು ನಂದು ಯಜಮಾನ್ರೇ. ನಾನು ಹಂಗ ಬರೀಬಾರ್ದಿತ್ತು’ ಎಂದರು. ಪಕ್ಕದಲ್ಲೇ ನಿಂತಿದ್ದ ನಾನು ಚೀಲ ಬಿಚ್ಚಿ ಮಾತ್ರೆ ಎಣಿಸತೊಡಗಿದೆ.

ಮಾತ್ರೆ ಮತ್ತೆ ಮೊದಲಿನಿಂದ ಶುರುವಾಯಿತು, ಯಜಮಾನರು ಬದುಕಿಕೊಂಡರು. ಸಿಸ್ಟರ್ ಆ ವಿಷಯವನ್ನು ಯಾರೆದುರೂ ಎತ್ತಲಿಲ್ಲ, ನನ್ನೆದುರೂ. ಬೈದಿದ್ದರೆ ಹಗುರವಾಗುತ್ತಿದ್ದೆನೋ ಏನೋ. ನಾಚಿಕೆಯಿಂದ ಎಷ್ಟೋ ದಿನ ಅವರ ಜೊತೆ ಕೂತು ಊಟ ಮಾಡಲಾಗಲಿಲ್ಲ.

ಹೋದ ವರ್ಷ ಸಿಸ್ಟರ್ ತೀರಿಕೊಂಡಾಗ ಯಜಮಾನರೂ ಮಣ್ಣಿಗೆ ಬಂದಿದ್ದರು. ನನ್ನನ್ನು ಕಂಡು ಕೈಮುಗಿದರು.

‘ಅವ್ರು ಹಂಗ ಬರೆದ್ರು ಅಂತ ನನಗೇನು ಸಿಟ್ಟಿಲ್ರಿ, ಅಕ್ಕಾರೆ. ನೀವಿಬ್ರೂ ಹುಡುಕ್ಕೊಂಡು ಬಂದ್ರಲ್ಲ.’

ಹೇಳಿಬಿಡೋಣವೆಂದು ಬಾಯಿ ತೆರೆದೆ. ‘ಬಸ್ಸಿಗೆ ಬಂದ್ರಾ?’ ಎಂದು ಕೇಳಿದೆ.