ಇಲ್ಕಾ ಬಾಯಿ ಮುಚ್ಚಿದ್ದು

ಸೆಗೆಡ್ ಊರಿನ ಒಪೆರಾ ಮಂದಿರದಲ್ಲಿ ಗಾಯಕಿಯರಿಗೆ ಉಡುಪು ತೊಡಿಸುವುದು ನನ್ನ ಕೆಲಸವಾಗಿತ್ತು. ಇಲ್ಕಾ ಬೊದ್ರೋಗಿ ನಮ್ಮ ಮುಖ್ಯ ಗಾಯಕಿ. ಬಡಗಿಯ ಮಗಳು. ಚರ್ಚಿನಲ್ಲಿ ಹಾಡುತ್ತಿದ್ದವಳನ್ನು ಮೇಷ್ಟ್ರೊಬ್ಬರು ಬುಡಾಪೆಸ್ಟಿಗೆ ಕಳಿಸಿ ಕಲಿಸಿದ್ದರು. ಅವಳು ದನಿ ಎತ್ತಿದರೆ ಗ್ಯಾಲರಿಯಲ್ಲಿ ಸೂರ್ಯಕಾಂತಿ ಬೀಜ ಮೆಲ್ಲುವವರ ಬಾಯಿಯೂ ನಿಲ್ಲುತ್ತಿತ್ತು.

ಸಾವಿರದ ಒಂಬೈನೂರ ಐವತ್ತೊಂದರ ವಸಂತದಲ್ಲಿ ಅವಳ ಗಂಡ ಕಲ್ಮಾನನನ್ನು ಗುಪ್ತ ಪೊಲೀಸರು ಟ್ರಾಮ್ ನಿಲ್ದಾಣದಿಂದಲೇ ಹಿಡಿದೊಯ್ದರು. ಎಲ್ಲಿಗೆ, ಯಾಕೆ, ಯಾರೂ ಹೇಳಲಿಲ್ಲ. ಕೆಲವು ದಿನಗಳಲ್ಲೇ, ತಾಲೀಮಿನ ನಡುವೆ, ಅವರಲ್ಲೊಬ್ಬ, ಚರ್ಮದ ಕೋಟಿನವನು, ಅವಳನ್ನು ಪಕ್ಕದ ಕೋಣೆಗೆ ಕರೆದ. ಹೊರಬಂದವಳು ನನ್ನನ್ನು ಉಡುಪಿನ ಕೋಣೆಗೆ ಎಳೆದೊಯ್ದಳು.

"ಬೊರ್ಚಾ, ನಮ್ಮ ಮಂದಿರದೋರು ಏನೇನ್ ಮಾತಾಡ್ತಾರೆ ಅಂತ ಬಂದು ಹೇಳ್ಬೇಕಂತೆ. ಹೇಳಿದ್ರೆ ಕಲ್ಮಾನ್ ಉಳೀತಾನಂತೆ."

"ನೀನೇನಂದೆ?"

"ಗಂಟಲು ಕಟ್ಟಿ ಮಾತೇ ಹೊರಡ್ಲಿಲ್ಲ ಕಣೇ."

ಆಮೇಲೆ ಎರಡು ವರ್ಷ ನಾನು ಅವಳ ಮಾತು ಕೇಳಲಿಲ್ಲ. ಮಾರನೆಯ ದಿನದಿಂದ ಅವಳು ಮೂಕಿ. ಮುದಿ ಡಾಕ್ಟರು ಹೆವೆಶಿ ಗಂಟಲು ನೋಡಿದರು, ಆಮೇಲೆ ಅವಳ ಕಣ್ಣು ನೋಡಿದರು. ಬಾಗಿಲಾಚೆ ಕಿವಿಗೊಟ್ಟವರಿಗೂ ಕೇಳುವಂತೆ ಹೇಳಿದರು: "ನರ ಸೋತಿದೆ. ಪಿಸುಮಾತೂ ಆಡಕೂಡ್ದು!"

ಹಾಡದವಳಿಗೆ ಮಂದಿರದಲ್ಲೇನು ಕೆಲಸ? ಮಂದಿರಕ್ಕೆ ಬಾರದವಳು ಯಾರ ಮಾತು ಕದ್ದು ಕೇಳಿಯಾಳು? ಉಪಾಯವೋ ಕಾಯಿಲೆಯೋ, ಅವಳು ತಿಳಿಸಲಿಲ್ಲ. ಕೇಳಲು ನನಗೂ ಭಯ.

ಒಂದು ಬೆಳಿಗ್ಗೆ ತಿಸಾ ನದಿ ದಂಡೆಯಲ್ಲಿ ಮೀನು ಕೊಳ್ಳುತ್ತಿದ್ದೆವು. ಮೀನಿನವಳು ಛೇಡಿಸಿದಳು: "ಏನಮ್ಮಾ, ಕೋಗಿಲೆ ಮೆಣಸಿನ್ಕಾಯಿ ನುಂಗ್ತಾ?"

ಅಷ್ಟರಲ್ಲಿ ಹಿಂದಿನಿಂದ ಗಂಡಸಿನ ಕೂಗು: "ಇಲ್ಕಾ! ಕಲ್ಮಾನ್ ಬಂದಿದಾನೆ ನೋಡು!"

ನಾನೇ ಚೀರಿಬಿಟ್ಟೆ. ಇಲ್ಕಾ ಗಿರಕ್ಕನೆ ತಿರುಗಿದಳು. ಕಲ್ಮಾನ್ ಇರಲಿಲ್ಲ, ಚರ್ಮದ ಕೋಟಿನವನು ಅವಳ ಬಾಯಿಯನ್ನೇ ದಿಟ್ಟಿಸುತ್ತ ನಿಂತಿದ್ದ. ಅವಳ ತುಟಿ ಬಿಗಿದಿತ್ತು. ಒಂದು ಸ್ವರವೂ ಹೊರಡಲಿಲ್ಲ. ಅವನು ಉಗಿದು ನಡೆದ. ಓಣಿ ತಿರುಗಿದ ಮೇಲೆ ಅವಳು ಕರವಸ್ತ್ರ ತೆಗೆದು ಬಾಯಿಗೊತ್ತಿಕೊಂಡಳು. ನಾಲಿಗೆ ಕಚ್ಚಿಕೊಂಡ ರಕ್ತ! ಅವನು ಮತ್ತೆ ಬರಲಿಲ್ಲ. ಆದರೆ ಅವಳ ಮನೆಯ ಕರೆಗಂಟೆ ಬಾರಿಸಿದಾಗೆಲ್ಲ ಅವನೇ ಬಂದನೆಂದು ನಾವು ಹೆದರುತ್ತಿದ್ದೆವು.

ಐವತ್ತಮೂರರಲ್ಲಿ, ಹಿಡಿದೊಯ್ದವರನ್ನು ಕೂಡಿಟ್ಟಿದ್ದ ಶಿಬಿರಗಳು ಮುಚ್ಚಿದವು. ಕಲ್ಮಾನ್ ಎಲುಬಿನ ಗೂಡಾಗಿ ಮನೆಗೆ ಬಂದ. ಇಲ್ಕಾ ಅವನ ಹೆಸರು ಕೂಗಹೋದಳು. ಒಡಕು ದನಿಯೊಂದು ಬಂತು, ಅಷ್ಟೇ.

"ಇದ್ಯಾಕೆ, ಹೆದರ್ಸೋಕೆ ಗುಟುರು ಹಾಕ್ತೀಯಾ?" ಎಂದು ಅವನು ನಗುತ್ತಲೇ ಅತ್ತುಬಿಟ್ಟ.

ಆ ಎತ್ತರದ ಸ್ವರ ಮರಳಲೇ ಇಲ್ಲ. ಮೇಳದ ಹಿಂದಿನ ಸಾಲಿನಲ್ಲಿ, ತಗ್ಗು ದನಿಯವರ ಜೊತೆ, ಪಿಂಚಣಿಯವರೆಗೂ ಹಾಡಿದಳು. ಮನೆಯ ಕರೆಗಂಟೆ ಬಾರಿಸಿದರೆ ಮಾತ್ರ ಇವತ್ತಿಗೂ ಬಾಗಿಲು ತೆಗೆಯುವವನು ಕಲ್ಮಾನನೇ.