ಹೊಗೆ ನೋಡದ ಪೈಪು

ಹೋದ ತಿಂಗಳು ಪಡಿತರ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ನನ್ನನ್ನು ಒಪ್ಪಲಿಲ್ಲ. ಒಮ್ಮೆ ಒತ್ತಿದೆ, ಕೆಂಪು ದೀಪ. ಪಂಚೆಗೆ ಒರೆಸಿಕೊಂಡು ಇನ್ನೊಮ್ಮೆ ಒತ್ತಿದೆ, ಮತ್ತೆ ಕೆಂಪು. "ವಯಸ್ಸಾದೋರ್ದು ಸವ್ದೋಗಿರ್ತದೆ ತಾತ, ಇನ್ನೊಂದ್ ಬೆಳ್ಳು ಕೊಡಿ" ಎಂದ ಅಂಗಡಿಯವನು. ಹಿಂದೆ ನಿಂತಿದ್ದ ಹೆಂಗಸೊಬ್ಬಳು, "ಎಲ್ಲೆಲ್ಲಿ ಒತ್ತಿ ಸವೆಸ್ಕಂಡವ್ರೋ ತಾತ" ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಗಬೇಕಿತ್ತು. ಆದರೆ ಅಕ್ಕಿಯನ್ನೇ ತೆಗೆದುಕೊಳ್ಳದೆ ಚೀಲ ಮಡಚಿಕೊಂಡು ಮನೆಗೆ ಬಂದುಬಿಟ್ಟೆ. ಮನೆಯಲ್ಲಿ ಕೇಳಿದ್ದಕ್ಕೆ ಸರ್ವರ್ ಇಲ್ಲವಂತೆ ಎಂದೆ. ಈ ವಯಸ್ಸಿಗೂ ಸುಳ್ಳು ನನ್ನ ಬಾಯಿಗೆ ಎಷ್ಟು ಸಲೀಸಾಗಿ ಬರುತ್ತದೆ, ನೋಡಿ.

ನಾನು ಹೆಬ್ಬೆಟ್ಟು ಒತ್ತುವ ಪೈಕಿಯಲ್ಲ. ಎರಡನೆಯ ಸಲಕ್ಕಾದರೂ ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು. ಅಕ್ಷರ ದುಂಡಗಿತ್ತು. ಆ ದುಂಡಕ್ಷರದ ಬಲದಿಂದಲೇ ತೊಂಬತ್ತರ ದಶಕದಲ್ಲಿ ಹುಣಸೂರಿನ ಹೊರಗಿದ್ದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಿಗೆ ತಗಡಿನ ಪೈಪು ಮಾಡುವ ಕಾರ್ಖಾನೆ ಅದು. ಬ್ಯಾರನ್ ನೋಡದವರಿಗೆ ಒಂದು ಮಾತು: ಅದು ಕಿಟಕಿಯಿಲ್ಲದ ಎತ್ತರದ ಕೋಣೆ. ಮೇಲೆ ಕಡ್ಡಿಗೆ ಕಟ್ಟಿದ ಸೊಪ್ಪು ಸಾಲು ಸಾಲಾಗಿ ತೂಗುತ್ತದೆ. ಹೊರಗಿನ ಒಲೆಯ ಬಿಸಿಹೊಗೆ, ನೆಲದ ಮೇಲೆ ಹಾಸಿದ ಪೈಪಿನೊಳಗೇ ಸುತ್ತಾಡಿ ಆಚೆಗೆ ಹೋಗಬೇಕು. ಸೊಪ್ಪಿಗೆ ಶಾಖ ಮಾತ್ರ ತಾಗಬೇಕು. ಪೈಪಿನ ಹೊಲಿಗೆ, ಎಂದರೆ ತಗಡು ಬೆಸೆದ ಗೆರೆ, ಎಲ್ಲಾದರೂ ಬಿಟ್ಟಿದ್ದರೆ ಒಂದು ಕಿಡಿ ಸಾಕು, ಒಣಗಿದ ಸೊಪ್ಪು ಕಾಯುತ್ತಾ ಕೂತಿರುವುದಿಲ್ಲ.

ಎಲ್ಲರೂ ನನ್ನನ್ನು ರೈಟ್ರು ಎನ್ನುತ್ತಿದ್ದರು. ಯಾವ ರೈತನ ಕೆಲಸ ಎಲ್ಲಿಗೆ ಬಂದಿದೆ ಎಂದು ಹೇಳುವುದು ನನ್ನ ಉದ್ಯೋಗ. ಒಂದೊಂದು ಕೆಲಸಕ್ಕೂ ಒಂದೊಂದು ರಟ್ಟಿನ ಕಾರ್ಡು. ಗೋಡೆಗೆ ಹೊಡೆದ ಹಲಗೆಯಲ್ಲಿ ನಾಲ್ಕು ಸಾಲು ಮೊಳೆ: ಕತ್ತರಿಸುವುದು, ಸುತ್ತುವುದು, ವೆಲ್ಡಿಂಗು, ಹೊಗೆ. ಕೆಲಸ ಮುಂದಕ್ಕೆ ಹೋದಂತೆ ಕಾರ್ಡೂ ಮುಂದಿನ ಮೊಳೆಗೆ ಹೋಗಬೇಕು. ಹೊಗೆಯ ಮೊಳೆಗೆ ಬಂದ ಕಾರ್ಡೆಂದರೆ ಪೈಪು ಸಿದ್ಧ, ಟ್ರಾಕ್ಟರಿಗೆ ಏರಿಸಬಹುದು ಎಂದರ್ಥ.

ಈ ಹೊಗೆ ನೋಡುವ ಕೆಲಸ ಚಿಕ್ಕೇಗೌಡನದು. ಪೈಪಿನ ಒಂದು ಬಾಯಿಗೆ ಗೋಣಿ ತುರುಕಿ, ಇನ್ನೊಂದು ಬಾಯಿಯಲ್ಲಿ ಹಸಿ ಹುಲ್ಲು ಹೊತ್ತಿಸಿ ಮುಚ್ಚಿ, ಹೊಲಿಗೆಯ ಉದ್ದಕ್ಕೂ ಕುಕ್ಕರಗಾಲಲ್ಲಿ ಸರಿಯುತ್ತಾ ಹೋಗುತ್ತಿದ್ದ. ಕೂದಲೆಳೆಯಷ್ಟು ಹೊಗೆ ಕಂಡರೂ ಸೀಮೆಸುಣ್ಣದಲ್ಲಿ ಸುತ್ತು ಹಾಕಿ ವೆಲ್ಡಿಂಗಿನವನಿಗೆ ವಾಪಸು. "ಲೇ, ನೀನು ಬೆಸುಗೆ ಆಕಿದ್ದೀಯೋ ಉಗುಳು ಅಂಟ್ಸಿದ್ದೀಯೋ?" ಎಂದು ಅವನನ್ನು ರೇಗಿಸುತ್ತಿದ್ದ. ಓದು ಬರದವನು. ಪೈಪು ಸರಿಯಿದ್ದರೆ ಹುಲ್ಲಿನ ಮಸಿಗೆ ಹೆಬ್ಬೆಟ್ಟು ಅದ್ದಿ ಕಾರ್ಡಿನ ಮೂಲೆಗೆ ಒತ್ತುತ್ತಿದ್ದ. ಅದೇ ಸಹಿ, ಅದೇ ಮೊಹರು. ಹುಣಸೂರು, ಪಿರಿಯಾಪಟ್ಟಣದ ಕಡೆಯ ರೈತರು ಆ ಕಪ್ಪು ಗುರುತು ನೋಡಿದ ಮೇಲೆಯೇ ಹಗ್ಗ ಬಿಗಿಯುತ್ತಿದ್ದುದು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಾಡಿದ್ದೇ ಅದನ್ನು ಮುಂದಕ್ಕೆ ತಳ್ಳಲು.

ಮಾಲೀಕರು ಬೆಳಿಗ್ಗೆ ಹತ್ತಕ್ಕೆ ಬಂದವರು ನೇರವಾಗಿ ಹಲಗೆಯ ಮುಂದೆ ನಿಲ್ಲುತ್ತಿದ್ದರು. ಪೈಪಿನ ಕಡೆಗೆ ತಿರುಗಿಯೂ ನೋಡುತ್ತಿರಲಿಲ್ಲ. ಕೊನೆಯ ಸಾಲು ಬೋಳಾಗಿದ್ದರೆ, "ಏನ್ರೀ, ಮೊಳೆ ಹೊಡ್ಸಿರೋದು ಅಂಗಿ ತಗುಲಾಕಕ್ಕಾ?" ಎನ್ನುವರು. ಅಷ್ಟೇ. ಬೈಗುಳವೂ ಅಲ್ಲ. ಆದರೂ ಒಂಬತ್ತೂವರೆಯಿಂದಲೇ ನಾನು ಕೊನೆಯ ಸಾಲಿನ ಕಾರ್ಡು ಎಣಿಸತೊಡಗುತ್ತಿದ್ದೆ. ಗಿಡದಿಂದ ಸೊಪ್ಪು ಮುರಿಯುವ ಕಾಲ ಹತ್ತಿರ ಬಂದಾಗಲಂತೂ ಬಾಗಿಲಲ್ಲಿ ರೈತರು, ಒಳಗೆ ಮಾಲೀಕರು, ನಡುವೆ ನಾನು. ಒಂದು ದಿನ, ಸಂಜೆಯೊಳಗೆ ಹೇಗೂ ಆಗುವ ಕೆಲಸ ತಾನೆ ಎಂದುಕೊಂಡು, ವೆಲ್ಡಿಂಗಿನ ಮೊಳೆಯಲ್ಲಿದ್ದ ಎರಡು ಕಾರ್ಡನ್ನು ಹೊಗೆಯ ಮೊಳೆಗೆ ತೂಗುಹಾಕಿದೆ. ಗುರುತಿಲ್ಲದೆ ಮಾಲೀಕರು ಒಪ್ಪುವುದಿಲ್ಲವಲ್ಲ, ಮಸಿಯಲ್ಲಿ ನನ್ನದೇ ಹೆಬ್ಬೆಟ್ಟು ಅದ್ದಿ ಒತ್ತಿದೆ. ಮಧ್ಯಾಹ್ನ ಆ ಪೈಪುಗಳನ್ನೇ ಚಿಕ್ಕೇಗೌಡನ ಮುಂದೆ ಮೊದಲು ಉರುಳಿಸಿದೆ. ಅವನು ನೋಡಿ, ನನ್ನ ಗುರುತಿನ ಮೇಲೆಯೇ ತನ್ನದನ್ನೂ ಒತ್ತಿದ. "ಇದೇನ್ ರೈಟ್ರೇ, ಆಗ್ಲೇ ಮಸಿ ಅದೆ?" ಎಂದ. "ನಿನ್ನ ಕೈಯೇ ತಗುಲಿರಬೇಕು ಕಣಪ್ಪ, ಮೈಯೆಲ್ಲ ಮಸಿ ನಿಂದು" ಎಂದೆ. ಇಬ್ಬರೂ ನಕ್ಕೆವು.

ಅಂದಿನಿಂದ ಅದು ರೂಢಿಯಾಯಿತು. ಬೆಳಿಗ್ಗೆ ಕಾರ್ಡು ಮುಂದೆ, ಸಂಜೆ ಕೆಲಸ ಓಡಿ ಬಂದು ಅದನ್ನು ಹಿಡಿಯುವುದು. ಎರಡು ಹಂಗಾಮು ಒಂದು ದಿನವೂ ತಪ್ಪಲಿಲ್ಲ. ನನಗೆ ಜಂಬವೂ ಬಂದಿತ್ತು.

ಮೂರನೆಯ ಹಂಗಾಮಿನಲ್ಲಿ ಚಿಕ್ಕೇಗೌಡನ ಅಕ್ಕನ ಗಂಡ ಜವರಪ್ಪ ಹೊಸ ಬ್ಯಾರನ್ ಕಟ್ಟಿಸಿದರು. ಅವರದು ಹಾರನಹಳ್ಳಿಯ ಆಚೆಗಿನ ಒಂದು ಹಳ್ಳಿ. ಚಿಕ್ಕೇಗೌಡನದೂ ಅದೇ ಊರು. "ಬೇರೆ ಕಡೆ ಯಾಕೆ ಬಾವ, ನಮ್ಮಲ್ಲೇ ಮಾಡ್ಸಿ, ನಾನೇ ಹೊಗೆ ನೋಡಿ ಕಳಿಸ್ತೀನಿ" ಎಂದು ಒತ್ತಾಯ ಮಾಡಿ ಅವರನ್ನು ಕರೆತಂದವನು ಇವನೇ. ಅವರ ಕಾರ್ಡನ್ನೂ ಒಂದು ಬೆಳಿಗ್ಗೆ ನಾನು ಮುಂದಕ್ಕೆ ಹಾಕಿ, ಮಸಿ ಒತ್ತಿದ್ದೆ. ಅಷ್ಟರಲ್ಲಿ ಮಾಲೀಕರು ಒಳಗೆ ಕರೆದರು. ಏನೋ ಪಟ್ಟಿ ಬರೆಸಿದರು, ಅರ್ಧ ಗಂಟೆಯಾಗಿರಬೇಕು. ಹೊರಗೆ ಬಂದು ನೋಡಿದರೆ ಮೊಳೆಯಲ್ಲಿ ಕಾರ್ಡಿಲ್ಲ, ನೆಲದ ಮೇಲೆ ಪೈಪಿಲ್ಲ. ಸಂಜೆ ಬರಬೇಕಿದ್ದ ಟ್ರಾಕ್ಟರು ಬೆಳಿಗ್ಗೆಯೇ ಬಂದಿದೆ, ಏರಿಸುವವರು ಕಾರ್ಡು ನೋಡಿ ಏರಿಸಿ, ಕಾರ್ಡನ್ನು ರೂಢಿಯಂತೆ ನನ್ನ ಮೇಜಿನ ಮೇಲಿಟ್ಟು ಹೋಗಿದ್ದಾರೆ.

ಸೈಕಲ್ಲು ತುಳಿದಿದ್ದರೆ ಸಿಗುತ್ತಿತ್ತೇನೋ. ಚಿಕ್ಕೇಗೌಡನಿಗೆ ಹೇಳಿದ್ದರೆ ಸಂಜೆ ಊರಿಗೆ ಹೋದವನು ಅಲ್ಲೇ ಹೊಗೆ ಹಾಕಿ ನೋಡಿಬಿಡುತ್ತಿದ್ದ. ಆದರೆ ಹೇಳಿದರೆ ಹೆಬ್ಬೆಟ್ಟಿನ ಕತೆಯೂ ಹೇಳಬೇಕು. ಸಂಜೆ ಕೈ ತೊಳೆಯುತ್ತಾ ಅವನೇ ಕೇಳಿದ: "ನಮ್ ಬಾವುಂದು ಯಾವಾಗ ರೈಟ್ರೇ?"

"ಹೋಯ್ತಲ್ಲ ಬೆಳಿಗ್ಗೆ. ನಿನ್ನೆ ನೀನೇ ನೋಡಿದೆಯಲ್ಲ ಮಾರಾಯ."

"ನಿನ್ನೆ ನೋಡಿದ್ರಾಗೆ ಇತ್ತಾ?" ಎಂದು ಒಂದು ಗಳಿಗೆ ಯೋಚಿಸಿದ. ದಿನಕ್ಕೆ ಹದಿನೈದು ಇಪ್ಪತ್ತು ಪೈಪು, ಎಲ್ಲ ಒಂದೇ ಥರ; ಯಾರದು ಯಾವುದೆಂದು ಓದಿ ಹೇಳಬೇಕಾದವನು ನಾನು. "ಇದ್ದಿರ್ಬೇಕು ಬುಡಿ" ಎಂದು ಹೊರಟ.

ಮುಂದಿನ ನಾಲ್ಕು ದಿನ ನಾನು ಅನ್ನ ತಿಂದದ್ದು ನೆನಪಿಲ್ಲ. ವೆಲ್ಡಿಂಗಿನವನು ಎಷ್ಟು ಸಲ ತಪ್ಪಿದ್ದಾನೆ ಎಂದು ಲೆಕ್ಕ ಹಾಕುತ್ತಿದ್ದೆ. ಹತ್ತರಲ್ಲಿ ಒಂದೇ ಎಂದು ಸಮಾಧಾನ, ಆ ಒಂದು ಇದೇ ಇರಬಾರದೇಕೆ ಎಂದು ಮತ್ತೆ ತಳಮಳ. ಗೇಟಿನಲ್ಲಿ ಸೈಕಲ್ ಗಂಟೆ ಕೇಳಿದರೆ ಎದ್ದು ಹೋಗಿ ನೋಡುತ್ತಿದ್ದೆ. ಪಿರಿಯಾಪಟ್ಟಣದ ಕಡೆಯಿಂದ ಬಂದವರನ್ನೆಲ್ಲ "ಆ ಕಡೆ ಒಲೆ ಹಚ್ಚಿದ್ರಾ?" ಎಂದು ಕೇಳುತ್ತಿದ್ದೆ. ಹೇಳಲು ಆಗಲೂ ಹೊತ್ತು ಮೀರಿರಲಿಲ್ಲ. ಅದೇ ನನ್ನನ್ನು ಇವತ್ತಿಗೂ ತಿನ್ನುವುದು.

ಐದನೆಯ ದಿನ ಸುದ್ದಿ ಬಂತು. ಮೊದಲ ಸಲದ ಸೊಪ್ಪೇ ಬ್ಯಾರನ್ನಿನೊಳಗೆ ಹೊತ್ತಿ ಉರಿದಿತ್ತು. ಬಾಗಿಲು ತೆರೆಯಲು ಹೋದ ಜವರಪ್ಪನವರ ಬಲಗೈ ಮೊಣಕೈವರೆಗೆ ಸುಟ್ಟಿತ್ತು.

ಮಾಲೀಕರು ಎಲ್ಲರನ್ನೂ ಹಲಗೆಯ ಮುಂದೆ ನಿಲ್ಲಿಸಿದರು. ಕಾರ್ಡು ತೋರಿಸಿ, "ಹೊಗೆ ಹಾಕಿ ನೋಡಿದ್ಯೇನಪ್ಪ ಇದನ್ನ?" ಎಂದರು.

ಚಿಕ್ಕೇಗೌಡ ಕಾರ್ಡಿನ ಮೂಲೆಯ ಮಸಿ ನೋಡಿದ. "ನೋಡಿದ್ದೆ ಅಂತಾರೆ ರೈಟ್ರು. ನನ್ ಕಣ್ಗೆ ಬೀಳ್ನಿಲ್ವೇನೋ ಸಾಮಿ."

ಮಾಲೀಕರು ನನ್ನ ಕಡೆ ತಿರುಗಿದರು. ಅವನೂ ನನ್ನನ್ನೇ ನೋಡಿದ. ಆ ನೋಟದಲ್ಲಿ ಸಂಶಯವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ನಾನೊಂದು ಮಾತು ತನ್ನ ಪರವಾಗಿ ಆಡುತ್ತೇನೆಂದು ಕಾಯುತ್ತಿದ್ದ. ನಾನು ಹೇಳಿದ್ದು ಇಷ್ಟು: "ಕಾರ್ಡಲ್ಲಿ ಏನಿದೆಯೋ ಅದೇ ಸಾರ್."

ಅಂದೇ ಅವನನ್ನು ಕೆಲಸದಿಂದ ತೆಗೆದರು. ಕುಕ್ಕರಗಾಲಲ್ಲಿ ಕೂರಲು ಇಟ್ಟುಕೊಂಡಿದ್ದ ಗೋಣಿತುಂಡನ್ನು ಮಡಚಿ ಕಂಕುಳಿಗೆ ಇಟ್ಟುಕೊಂಡು ಹೋದ. ನಾನು ಇನ್ನೂ ಎಂಟು ವರ್ಷ ಅಲ್ಲೇ ಇದ್ದೆ. ಕಾರ್ಡನ್ನು ಮತ್ತೆಂದೂ ಮುಂದಕ್ಕೆ ಹಾಕಲಿಲ್ಲ. ಕೊನೆಯ ಸಾಲು ಬೋಳಾಗಿ ಉಳಿದದ್ದರಿಂದ ಯಾರಿಗೂ ಏನೂ ಆಗಲಿಲ್ಲ.

ಪಡಿತರ ಅಂಗಡಿಯಿಂದ ಬಂದ ಮೇಲೆ ಮೂರು ವಾರ ಒದ್ದಾಡಿದೆ. ಕಳೆದ ಬುಧವಾರ ಚಿಕ್ಕೇಗೌಡನ ಊರಿಗೆಂದು ಹಾರನಹಳ್ಳಿಯ ಬಸ್ಸು ಹತ್ತಿದೆ. ದಾರಿಯಲ್ಲಿ ಎರಡು ಕಡೆ ಇಳಿದುಬಿಡೋಣ ಅನ್ನಿಸಿತು. ಅವನು ಬದುಕಿರದಿದ್ದರೆ ಸಾಕು ಎಂದೂ ಒಮ್ಮೆ ಅನ್ನಿಸಿತು. ಬರೆಯುತ್ತಿದ್ದೇನೆ, ಇದನ್ನೂ ಮುಚ್ಚಿಡುವುದಿಲ್ಲ.

ಚಿಕ್ಕೇಗೌಡ ಕೊಟ್ಟಿಗೆಯ ಬಾಗಿಲು ಹಾಕುತ್ತಿದ್ದ. ನನ್ನ ಗುರುತು ಸಿಕ್ಕಿ, "ರೈಟ್ರಾ? ಬನ್ನಿ ಬನ್ನಿ, ಕೂತ್ಕಳಿ" ಎಂದು ಜಗಲಿಗೆ ಕರೆತಂದ. ಕೂತವನು ಎದ್ದು ಹೋಗಿ ಚಿಲಕ ಜಗ್ಗಿ ನೋಡಿ ಬಂದ. ಸ್ವಲ್ಪ ಹೊತ್ತಿಗೆ ಮತ್ತೆ ಹೋದ. ನೀರು ತಂದ ಅವನ ಹೆಂಡತಿ, "ಅವ್ರ್ದು ಅಂಗೇ ಕಣ್ರಣ್ಣ. ಪ್ಯಾಕ್ಟ್ರಿ ಬುಟ್ಟಾಗ್ಲಿಂದ ಅವ್ರ್ ಕಣ್ಣ ಅವ್ರೇ ನಂಬಕಿಲ್ಲ. ಒಲೆ ಆರೈತಾ ಅಂತ ನಾಕ್ ಸರಿ ನೋಡ್ತಾರೆ" ಎಂದರು.

ಲೋಟ ಕೆಳಗಿಟ್ಟು ಹೇಳಿದೆ. ಮೊಳೆ, ಮಸಿ, ನನ್ನ ಹೆಬ್ಬೆಟ್ಟು, ಸಂಜೆ ಹೇಳಿದ ಸುಳ್ಳು, ಎಲ್ಲ. ಅವನು ಬೈಯಲಿಲ್ಲ.

"ಅಂಗಾರೆ ಆ ಪೈಪು ನನ್ ಮುಂದ್ಕೆ ಬರ್ಲೇ ಇಲ್ವಾ?" ಎಂದ.

"ಇಲ್ಲ."

"ನಾನ್ ನೋಡಿ ತಪ್ಪುಸ್ಲಿಲ್ಲ."

"ಇಲ್ಲ ಚಿಕ್ಕೇಗೌಡ. ನೀನು ನೋಡೇ ಇರಲಿಲ್ಲ."

ಕಾಲಿಗೆ ಬೀಳಲು ಬಗ್ಗಿದೆ. "ಅದೆಲ್ಲ ಬ್ಯಾಡ" ಎಂದು ತೋಳು ಹಿಡಿದ, ಹಿಡಿತ ಗಟ್ಟಿಯಿತ್ತು. "ನಂಗೇಳಿ ಏನ್ ಬಂತು? ಅವತ್ನಿಂದ ನಮ್ಮಕ್ಕ ನನ್ ಒಸ್ಲು ತುಳ್ದಿಲ್ಲ, ನಾನು ಅವಳ ಮನ್ಗೆ ಓಗಿಲ್ಲ. ಒಂದೇ ಊರ್ನಾಗೆ ಇದ್ದೀವಿ. ನಡೀರಿ, ಅಲ್ಲೇಳಿ."

ನಾಲ್ಕು ಮನೆ ಆಚೆ ಅಷ್ಟೆ. ಆ ದೂರ ನಡೆಯುವಾಗ ನನಗೆ ಹಲಗೆಯ ಮುಂದೆ ನಿಂತ ದಿನಕ್ಕಿಂತ ಹೆಚ್ಚು ಭಯವಾಯಿತು. ಜವರಪ್ಪನವರು ಜಗಲಿಯ ಮೇಲೆ ಕೂತಿದ್ದರು, ಬಲಗೈ ಮೇಲೆ ಟವೆಲು. ಬಾಮೈದನನ್ನು ಕಂಡು ಮುಖ ತಿರುಗಿಸಿದರು. ಚಿಕ್ಕೇಗೌಡ ಅಂಗಳದಲ್ಲೇ ನಿಂತ. "ಬಾವ, ಇವ್ರು ಏನೋ ಏಳ್ಬೇಕಂತೆ. ಕೇಳ್ಬುಡಿ."

ನಿಂತೇ ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭ ಎಂದುಕೊಂಡಿದ್ದೆ, ಅಲ್ಲ. ಮುಗಿಯುವ ಹೊತ್ತಿಗೆ ಒಳಗಿನಿಂದ ಅವನ ಅಕ್ಕ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಜವರಪ್ಪನವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಆ ಕೈ ನೋಡಬೇಕಾಗಿದ್ದುದರಿಂದ ನೋಡಿದೆ.

"ಉಂಡಿದ್ದೀಯೇನ್ಲಾ ಚಿಕ್ಕ?" ಎಂದರು ಬಾಮೈದನಿಗೆ.

"ಇಲ್ಲ ಬಾವ."

"ಇವ್ನಿಗೂ ತಟ್ಟೆ ಮಡುಗು" ಎಂದು ಹೆಂಡತಿಗೆ ಹೇಳಿ ಎದ್ದರು. ಚಿಕ್ಕೇಗೌಡ ಕಾಲು ತೊಳೆದು ಒಳಗೆ ಹೋದ. ಅಕ್ಕ ಅವನ ಹಿಂದೆ ಹೋದರು. ನನಗೆ ಯಾರೂ ಕೂತ್ಕೋ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಒಳಗೆ ತಟ್ಟೆಯ ಸದ್ದಾಗುವವರೆಗೆ ಅಂಗಳದಲ್ಲಿ ನಿಂತಿದ್ದು, ಆಮೇಲೆ ಬಸ್ಸಿನ ದಾರಿ ಹಿಡಿದೆ.