ಸೀಲು ಸಾಹೇಬರ ಭರ್ತಿ ಟ್ಯಾಂಕು

ನೀರು ಸರಬರಾಜು ಇಲಾಖೆಯಲ್ಲಿ ಮೀಟರ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದ ಆ ಮನುಷ್ಯನನ್ನು ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಸೀಲು ಸಾಹೇಬರು ಎಂದರೆ ಸಾಕು, ಹಾಲಿನವನಿಂದ ಅಂಚೆಯವನವರೆಗೆ ಎಲ್ಲರಿಗೂ ಗೊತ್ತು. ಮನೆಮನೆಯ ನೀರಿನ ಮೀಟರಿಗೆ ತಂತಿ ಪೋಣಿಸಿ, ತುದಿಗೆ ಸೀಸದ ಗುಂಡು ಸಿಕ್ಕಿಸಿ, ಇಕ್ಕಳದಲ್ಲಿ ಕಟಕ್ಕನೆ ಒತ್ತಿ ಸೀಲು ಹಾಕುವುದು ಅವರ ಕೆಲಸವಾಗಿತ್ತು. ಆ ಸೀಲು ಒಡೆದವರ ನಲ್ಲಿ ಕಡಿಯುವುದೂ ಅವರದೇ ಕೆಲಸ, ಮತ್ತು ಅದರಲ್ಲಿ ಅವರಿಗೆ ಹೆಚ್ಚು ಆಸಕ್ತಿ. ನಿವೃತ್ತಿಯ ದಿನ ಇಲಾಖೆಯವರು ಕೈಗಡಿಯಾರ ಕೊಡಲು ಬಂದರೆ, ಇವರು ಅದು ಬೇಡ, ನನ್ನ ಇಕ್ಕಳ ಕೊಡಿ ಎಂದರು. ಮನುಷ್ಯ ಹೋದರೆ ಸಾಕಪ್ಪಾ ಎಂದು ಅವರು ಎರಡನ್ನೂ ಕೊಟ್ಟು ಕಳಿಸಿದರು.

ಇಕ್ಕಳ ಮನೆಗೆ ಬಂದ ಮೇಲೆ ಸುಮ್ಮನೆ ಕೂತೀತೇ? ಗೋಡೆ ಗಡಿಯಾರದ ಬೆನ್ನಿಗೆ ಒಂದು ಸೀಲು ಬಿತ್ತು, ಯಾರೋ ಮುಳ್ಳು ತಿರುಗಿಸುತ್ತಾರಂತೆ. ಪಂಪಿನ ಪೆಟ್ಟಿಗೆಗೆ ಬಿತ್ತು. ಸೈಕಲ್ಲಿನ ಗಂಟೆಗೂ ಬಿತ್ತು. ಸಕ್ಕರೆ ಡಬ್ಬಿಗೆ ಬಿದ್ದ ದಿನ ಹೆಂಡತಿ ಅದನ್ನು ಕತ್ತರಿಯಿಂದ ಕತ್ತರಿಸಿ, ಸೀಸದ ಗುಂಡನ್ನು ತಟ್ಟೆಯಲ್ಲಿ ಬಡಿಸಿದಳು. ಆಮೇಲೆ ಇಕ್ಕಳ ಅಡುಗೆಮನೆಯ ಹೊಸ್ತಿಲು ತುಳಿಯಲಿಲ್ಲ.

ಅಡುಗೆಮನೆ ಕೈತಪ್ಪಿದ ಮೇಲೆಯೇ ಸಾಹೇಬರು ಗಾಡಿಮನೆ ಕೊಂಡದ್ದು. ಕಾರಿನ ಬಾಲಕ್ಕೆ ಕಟ್ಟಿ ಎಳೆದುಕೊಂಡು ಹೋಗುವ ಪುಟ್ಟ ಮನೆ ಅದು. ಒಳಗೊಂದು ಮಂಚ, ಒಂದು ಒಲೆ, ಪಾತ್ರೆ ತೊಳೆಯಲು ಒಂದು ನಲ್ಲಿ. ಬೆಂಚಿನ ಹಲಗೆಯ ಕೆಳಗೆ ನೀರಿನ ಟ್ಯಾಂಕು, ಅದರ ಪಕ್ಕ ಬ್ಯಾಟರಿಯಲ್ಲಿ ಓಡುವ ಮುಷ್ಟಿಯಷ್ಟು ಪಂಪು. ಬಾಗಿಲ ಬಳಿ ಗೋಡೆಯಲ್ಲಿ ಟ್ಯಾಂಕಿನ ಗೇಜು, ಎಂದರೆ ಖಾಲಿ, ಅರ್ಧ, ಭರ್ತಿ ಎಂದು ಬರೆದ ಸಾಲು ದೀಪಗಳು. ಸಾಹೇಬರು ಇಡೀ ಗಾಡಿ ನೋಡಿ ಬೇಡವೆಂದು ತಲೆಯಾಡಿಸುತ್ತಿದ್ದವರು, ಗೇಜು ಕಂಡೊಡನೆ ಮುಂಗಡ ಕೊಟ್ಟುಬಿಟ್ಟರಂತೆ.

ಸರ್ವೀಸಿನಲ್ಲಿ ಇದ್ದಷ್ಟು ಕಾಲ ಅವರು ಹೆಂಡತಿಯನ್ನು ಎಲ್ಲಿಗೂ ಕರೆದುಕೊಂಡು ಹೋದವರಲ್ಲ. ತಾವು ರಜೆ ಹಾಕಿದ ದಿನವೇ ಊರಿನವರೆಲ್ಲ ಸೀಲು ಒಡೆಯುತ್ತಾರೆ ಎಂಬ ನಂಬಿಕೆ. ಈಗ ಅದರ ಚಿಂತೆ ಬೇರೆಯವರಿಗೆ. ಸಮುದ್ರದ ಎದುರು ಗಾಡಿಮನೆ ನಿಲ್ಲಿಸಿ, ತಾವೇ ನಲ್ಲಿ ತಿರುಗಿಸಿ, ತಾವೇ ನೀರು ಕಾಯಿಸಿ, ಹೆಂಡತಿಗೆ ಒಂದು ಲೋಟ ಚಹಾ ಮಾಡಿ ಕೊಡಬೇಕು. ಆ ಆಸೆ ನಿಜವಾದದ್ದೇ, ಅದನ್ನು ನೋಡಿ ನಗುವ ಹಾಗಿಲ್ಲ. ನಗಬೇಕಾದದ್ದು ಬೇರೆ: ಕೊಂಡಂದಿನಿಂದ ಗಾಡಿಮನೆ ಗೇಟು ದಾಟಿರಲಿಲ್ಲ. ಮೊದಲು ಬ್ರೇಕು ಸರಿಯಿಲ್ಲ ಎಂದಾಯಿತು, ಆಮೇಲೆ ಬಣ್ಣ, ಆಮೇಲೆ ಪರದೆ, ಆಮೇಲೆ ಮತ್ತೆ ಬ್ರೇಕು.

ಸಮುದ್ರದ ಊರಿನಲ್ಲಿ ಹೆಂಡತಿಯ ತಂಗಿ ಇದ್ದಳು. ಕರೆದು ಕರೆದು ಅವಳ ಗಂಟಲು ಒಣಗಿತ್ತು. ಆ ದಿನ ಬೆಳಿಗ್ಗೆ ಹೆಂಡತಿ ಚೀಲ ತುಂಬಿ ವರಾಂಡದಲ್ಲಿಟ್ಟಳು.

"ನೋಡಿ, ಮಧ್ಯಾಹ್ನದ ಬಸ್ಸಿಗೆ ಟಿಕೆಟ್ ತಗೊಂಡಿದೀನಿ. ಒಂದೇ ಟಿಕೆಟ್. ಅಷ್ಟರೊಳಗೆ ನಿಮ್ಮ ಗಾಡಿ ನಲ್ಲೀಲಿ ನೀರು ಬಂತೋ, ಟಿಕೆಟ್ ಹರಿದು ಹಾಕಿ ನಿಮ್ಮ ಜೊತೆ ಬರ್ತೀನಿ. ಬರ್ಲಿಲ್ವೋ, ಗಾಡೀನ ಬೇಕರಿಯವರಿಗೆ ಕೊಟ್ಬಿಡಿ. ಕೋಳಿಗಳಾದ್ರೂ ಸುಖವಾಗಿರ್ಲಿ."

ಪಕ್ಕದ ಮನೆಯ ಬೇಕರಿಯವರಿಗೆ ದಿನಾ ಮೊಟ್ಟೆ ಬೇಕು. ಕೋಳಿ ಸಾಕಲು ಒಳ್ಳೆ ಜಾಗ ಎಂದು ಗಾಡಿಮನೆಯ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದರು. ಈ ಮಾತು ಕಿವಿಗೆ ಬಿದ್ದದ್ದೇ ಕಾಂಪೌಂಡಿನ ಮೇಲೆ ಅವರ ತಲೆ ಮೂಡಿತು.

"ಸಾಹೇಬ್ರೇ, ಕಿಟಕಿಗೆ ಜಾಲರಿ ಇದೆಯಾ? ಏನಿಲ್ಲ, ಸುಮ್ನೆ ಕೇಳಿದೆ."

ಸಾಹೇಬರು ಗಾಡಿಮನೆಯ ಒಳಗೆ ಹೋಗಿ ಪಂಪಿನ ಸ್ವಿಚ್ಚು ಒತ್ತಿದರು. ಪಂಪು ಗರ್ರೆಂದಿತು. ಇಂಥ ಪಂಪು ನೆಟ್ಟಗಿದ್ದರೆ, ಕೊಳವೆಯಲ್ಲಿ ನೀರು ಒತ್ತಿ ನಿಂತ ಕೂಡಲೇ ತಾನಾಗಿಯೇ ಬಾಯಿ ಮುಚ್ಚುತ್ತದೆ. ಇದು ಮುಚ್ಚಲಿಲ್ಲ. ನಲ್ಲಿ ತಿರುಗಿಸಿದರೆ ಬುಸ್ಸೆಂದು ಗಾಳಿ ಬಂತು. ಗೇಜು ನೋಡಿದರು. ಒಂದು ದೀಪವೂ ಬಿಡದೆ ಎಲ್ಲ ಉರಿಯುತ್ತಿದ್ದವು: ಭರ್ತಿ. ಸರಿ, ನೀರಿಗೆ ಏನೂ ಆಗಿಲ್ಲ, ಆದದ್ದೆಲ್ಲ ಪಂಪಿಗೇ ಎಂದು ಅಲ್ಲೇ ತೀರ್ಪು ಕೊಟ್ಟರು.

ಹಳೆಯ ಪಂಪು ಬಿಚ್ಚಿ, ಮುಂದೆ ಬೇಕಾದೀತೆಂದು ತಂದಿಟ್ಟಿದ್ದ ಹೊಸದನ್ನು ಕೂರಿಸಿದರು. ಹೊಸದೂ ಗರ್ರೆಂದಿತು, ಇನ್ನೂ ಹುರುಪಿನಿಂದ. ಪಂಪಿಗೆ ಮೊದಲು ಕಸ ತಡೆಯುವ ಜರಡಿಯ ಬಟ್ಟಲು ಇರುತ್ತದೆ, ಅದನ್ನು ಬಿಚ್ಚಿದರು. ಬಟ್ಟಲಿನಲ್ಲಿ ಒಂದು ಹನಿಯೂ ಇಲ್ಲದೆ ಒಣಗಿತ್ತು. ಕಸವಿಲ್ಲ, ಎಷ್ಟು ಶುಭ್ರವಾಗಿದೆ ಎಂದು ಮೆಚ್ಚಿಕೊಂಡು ಮುಚ್ಚಿದರು. ಕೊಳವೆಯಲ್ಲಿ ತೂತಿದ್ದು ಅಲ್ಲಿಂದ ಗಾಳಿ ನುಗ್ಗುತ್ತಿರಬೇಕು ಎಂದು ಉದ್ದಕ್ಕೂ ಟೇಪು ಸುತ್ತಿದರು. ತೂತಿಲ್ಲದ ಕೊಳವೆಗೆ ಟೇಪು ಸುತ್ತಿದ್ದರಿಂದ ಕೊಳವೆ ನೋಡಲು ಚೆನ್ನಾಗಿ ಕಂಡಿತು, ಅಷ್ಟೇ. ಫ್ಯೂಸು ಬದಲಿಸಿದರು. ಬ್ಯಾಟರಿಯ ತುದಿ ಉಜ್ಜಿದರು. ಗಾಡಿಯ ಕೆಳಗೆ ಬೆನ್ನ ಮೇಲೆ ಮಲಗಿ ತೆವಳಿದರು. ಸುತ್ತಲೂ ಅಂಗಳ ಬಿಸಿಲಿಗೆ ಬೆಂದು ಹೋಗಿತ್ತು, ಟ್ಯಾಂಕಿನ ಕೆಳಗೆ ಮಾತ್ರ ಹಸಿರು ಹುಲ್ಲು ಸೊಂಪಾಗಿ ಬೆಳೆದು ಅವರ ಮೂಗಿಗೆ ತಾಗುತ್ತಿತ್ತು. ನೆರಳಿದ್ದರೆ ಹುಲ್ಲು ಹೇಗೆ ಬರುತ್ತದೆ ನೋಡು ಎಂದುಕೊಂಡು ಅದನ್ನು ಪಕ್ಕಕ್ಕೆ ಸರಿಸಿ ಮೇಲೆದ್ದು ಮತ್ತೆ ಸ್ವಿಚ್ಚು ಒತ್ತಿದರು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಟ್ಯಾಂಕಲ್ಲಿ ನೀರಿದೆಯಾ?"

"ಭರ್ತಿ ಇದೆ. ಗೇಜು ನೋಡು."

"ನಾನು ಕೇಳಿದ್ದು ನೀರು. ಗೇಜಲ್ಲ."

"ಹೋದ ಬೇಸಿಗೇಲಿ ನಾನೇ ಕೈಯಾರೆ ತುಂಬಿಸಿದೀನಿ. ಆವತ್ತಿಂದ ಒಂದು ದೀಪ ಕೂಡ ಇಳಿದಿಲ್ಲ. ಮೀಟರ್ ಸುಳ್ಳು ಹೇಳಲ್ಲ."

ಅಂದದ್ದೇ ತಡ, ನಾಲಗೆ ಕಚ್ಚಿಕೊಂಡರು. ಆ ಮನೆಯಲ್ಲಿ ಆಡಬಾರದ ಮಾತು ಅದೊಂದೇ.

ಅದರ ಕಥೆ ಹೀಗೆ. ಮದುವೆಯಾದ ಹೊಸದರಲ್ಲಿ ಸಾಹೇಬರ ಅತ್ತೆ ಒಂದು ದೂರು ಕೊಟ್ಟಿದ್ದರು: ನಲ್ಲಿಯಲ್ಲಿ ಬರೀ ಗಾಳಿ ಬುಸ್ಸೆನ್ನುತ್ತದೆ, ನೀರಿಲ್ಲ, ಆದರೂ ಮೀಟರು ಗಿರಗಿರ ತಿರುಗುತ್ತದೆ. ಅಳಿಯಂದಿರು ಕೂತಲ್ಲಿಂದಲೇ ಹೇಳಿದ್ದರು, ಮೀಟರ್ ಸುಳ್ಳು ಹೇಳಲ್ಲ ಅತ್ತೆ. ಒಳಗೆ ಏನಾಗಿದೆಯೋ ನೋಡೋಣ ಎಂದು ಆ ಹೆಂಗಸು ಸೀಲು ಕಿತ್ತು ಮುಚ್ಚಳ ತೆರೆದರು. ಆ ವಾರ್ಡು ಸಾಹೇಬರದೂ ಅಲ್ಲ. ಬೇರೆಯವರಾದರೆ ಮುಲಾಜು ನೋಡಿಯಾರು ಎಂದು ಊರಿನ ಆ ತುದಿಯಿಂದ ಈ ತುದಿಗೆ ಸೈಕಲ್ಲು ತುಳಿದುಕೊಂಡು ತಾವೇ ಬಂದು ಅತ್ತೆಯ ಮನೆಯ ನಲ್ಲಿ ಕಡಿದರು. ಇಲಾಖೆಯಲ್ಲಿ ಬೆನ್ನು ತಟ್ಟಿದರು. ಅತ್ತೆ ಮತ್ತು ಕಿರಿಮಗಳು ಆ ಬೇಸಿಗೆಯೆಲ್ಲ ಬೇರೆಯವರ ಮನೆಯಿಂದ ಕೊಡ ಹೊತ್ತರು. ಅತ್ತೆ ಸಾಯುವವರೆಗೂ ಅಳಿಯನ ಮೇಲೆ ಒಂದು ಮಾತು ಎತ್ತಲಿಲ್ಲ. ಹೆಂಡತಿಯೂ ಜಗಳ ಮಾಡಲಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದರೆ ಉಪ್ಪಿನ ಡಬ್ಬಿ ಸುಳ್ಳು ಹೇಳಲ್ಲ ಅನ್ನುತ್ತಿದ್ದಳು. ಜ್ವರ ಬಂದಿದೆ ಎಂದರೆ ಥರ್ಮಾಮೀಟರ್ ಸುಳ್ಳು ಹೇಳಲ್ಲ, ಏಳಿ ಅನ್ನುತ್ತಿದ್ದಳು. ಹೀಗೆ ಸಂಸಾರ ಸಾಗಿ ಬಂದಿತ್ತು.

ಈಗ ಅವಳು ಗೇಜಿನ ಕಡೆ ನೋಡಲೂ ಇಲ್ಲ. ಒಳಗೆ ಬಂದು ಬೆಂಚಿನ ಹಲಗೆಯ ಒಂದು ತುದಿ ಹಿಡಿದಳು. "ಎತ್ತಿ ಆ ಕಡೆ."

ಇಬ್ಬರೂ ಸೇರಿ ಹಲಗೆ ಎತ್ತಿದರು. ಬಿಳಿ ಪ್ಲಾಸ್ಟಿಕ್ ಟ್ಯಾಂಕಿನ ಪಕ್ಕೆಯಲ್ಲಿ ಮೇಲಿನಿಂದ ಕೆಳಗೆ ಸಾಲಾಗಿ ತಿರುಪುಮೊಳೆಗಳಿದ್ದವು. ಒಂದೊಂದರಿಂದಲೂ ಒಂದೊಂದು ವೈರು ಗೇಜಿಗೆ ಹೋಗಿತ್ತು. ಆ ಮೊಳೆಗಳಿಗೆಲ್ಲ ಸೇರಿಸಿ, ಹೂವಿನ ದಂಡೆ ಕಟ್ಟಿದಷ್ಟು ನಾಜೂಕಾಗಿ, ತಾಮ್ರದ ತಂತಿಯೊಂದು ಸುತ್ತಿಕೊಂಡಿತ್ತು. ಅದರ ತುದಿಯಲ್ಲಿ ಸೀಸದ ಗುಂಡು. ಗುಂಡಿನ ಮೇಲೆ ಇಲಾಖೆಯ ಮುದ್ರೆ.

ಸಾಹೇಬರ ಮುಖ ಅರಳಿತು. "ನೋಡಿದ್ಯಾ? ಹೋದ ವರ್ಷ ಹಾಕಿದ್ದು, ಹಾಗೇ ಇದೆ. ಒಬ್ಬರೂ ಮುಟ್ಟಿಲ್ಲ."

"ಇದನ್ನ ಯಾರು ಮುಟ್ತಾರೆ?"

"ಯಾರಾದ್ರೂ. ಬೇಕರಿಯವರೇ ಬಂದು ವೈರು ಅದಲು ಬದಲು ಮಾಡಿದ್ರೆ? ಇದು ಸೂಕ್ಷ್ಮದ ಕೆಲಸ. ಈ ಕೆಳಗಿನ ಮೊಳೇಲಿ ಕರೆಂಟ್ ಇರುತ್ತೆ. ನೀರು ಏರಿ ಮೇಲಿನ ಮೊಳೆ ಮುಟ್ತು ಅಂದ್ರೆ ನೀರಲ್ಲೇ ಕರೆಂಟ್ ಹರಿದು ಇಲ್ಲಿಗೆ ಬರುತ್ತೆ, ದೀಪ ಹತ್ತುತ್ತೆ. ನೀರಿಲ್ದೆ ಕರೆಂಟ್ ಹರಿಯೋಕೆ ಈ ಮೊಳೆಗಳ ಮಧ್ಯೆ ಬೇರೆ ಏನೂ..."

ಮಾತು ಅಲ್ಲಿಗೆ ನಿಂತಿತು. ಸಾಹೇಬರ ಬೆರಳು ತಾಮ್ರದ ತಂತಿಯ ಮೇಲಿತ್ತು. ಬೆರಳು ಕೆಳಗಿನ ಮೊಳೆಯಿಂದ ಮೇಲಿನ ಮೊಳೆಯವರೆಗೆ ತಂತಿಯ ಜೊತೆ ನಿಧಾನ ಹತ್ತಿ, ಮತ್ತೆ ಇಳಿಯಿತು. ಹೆಂಡತಿ ಕಾಯುತ್ತಿದ್ದಳು. ಅವಳಿಗೆ ಕರೆಂಟಿನ ವಿಷಯ ಗೊತ್ತಿಲ್ಲ, ಗಂಡನ ಮುಖದ ವಿಷಯ ಗೊತ್ತು.

"ಕತ್ತರಿಸಿ," ಎಂದಳು.

"ಸೀಲು ಕಣೇ."

"ಸೀಲೇ. ಕತ್ತರಿಸಿ."

"ಸೀಲು ಒಡೆಯೋದು ಅಂದ್ರೆ..."

"ನಮ್ಮಮ್ಮನೂ ಒಳಗೇನಿದೆ ಅಂತ ನೋಡೋಕೇ ಒಡೆದಿದ್ದು."

ಸೀಲು ಹಾಕುವ ಇಕ್ಕಳಕ್ಕೆ ಕತ್ತರಿಸುವ ಬಾಯಿಯೂ ಇತ್ತು. ಇದುವರೆಗೆ ಅದು ಊರವರ ಸೀಲು ಮಾತ್ರ ತಿಂದಿತ್ತು. ಸಾಹೇಬರು ಅದನ್ನು ತಂತಿಗೆ ಇಟ್ಟರು, ತೆಗೆದರು, ಕಣ್ಣು ಮುಚ್ಚಿ ಒತ್ತಿದರು. ತಂತಿ ಬಿಚ್ಚಿಕೊಂಡಿತು. ಬಾಗಿಲ ಬಳಿ ಭರ್ತಿಯ ದೀಪ ಆರಿತು, ಅರ್ಧದ ದೀಪ ಆರಿತು, ಕೊನೆಗೆ ಖಾಲಿ ಎಂಬುದೊಂದೇ ಕೆಂಪಗೆ ಉಳಿಯಿತು. ಹೆಂಡತಿ ಬೆರಳ ಗಿಣ್ಣಿನಿಂದ ಟ್ಯಾಂಕಿಗೆ ತಟ್ಟಿದಳು. ಖಾಲಿ ಡಬ್ಬದಂತೆ ಡಬಡಬ ಎಂದಿತು. ತುಂಬಿದ ನೀರೆಲ್ಲ ತಳದ ಸಡಿಲ ಬಿರಡೆಯಿಂದ ಹನಿಹನಿಯಾಗಿ ಇಳಿದು ವರ್ಷವಿಡೀ ಹುಲ್ಲು ಬೆಳೆಸಿತ್ತು.

ಸಾಹೇಬರು ನೆಲದ ಮೇಲೆ ಕೂತುಬಿಟ್ಟರು. ಹೊಸ ಪಂಪು ಇನ್ನೂ ಗರ್ರೆನ್ನುತ್ತಲೇ ಇತ್ತು, ತೆರೆದಿಟ್ಟ ನಲ್ಲಿ ಬುಸ್ಸೆನ್ನುತ್ತಿತ್ತು. ಆ ಸದ್ದು ಅವರು ಮೊದಲೂ ಒಮ್ಮೆ ಕೇಳಿದ್ದರು. ನಲ್ಲಿ ಕಡಿಯಲು ಹೋದ ದಿನ ಅತ್ತೆ ಅವರ ಎದುರೇ ತಿರುಗಿಸಿ ಕೇಳಿಸಿದ್ದರು. ಆವತ್ತು ಕಿವಿಗೆ ಬಿದ್ದದ್ದು ಇವತ್ತು ಒಳಗೆ ಇಳಿಯಿತು, ಇಳಿದು ನೋಯಿಸಿತು.

"ನಿಮ್ಮಮ್ಮ ಹೇಳಿದ್ದು ನಿಜ ಕಣೇ," ಎಂದರು. "ಗಾಳಿನೇ ತಿರುಗಿಸಿರ್ಬೇಕು ಆ ಮೀಟರ್‌ನ. ನೀರು ಬಂದೇ ಇರ್ಲಿಲ್ಲ. ತಪ್ಪು ನಂದು."

ಹೆಂಡತಿ ಅವರನ್ನು ಒಂದು ಗಳಿಗೆ ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡು ಇಳಿದು ಹೋದಳು. ಸಾಹೇಬರು ಸ್ವಿಚ್ಚು ಆರಿಸಿದರು. ಹೊರಗೆ ಬೇಕರಿಯವರ ದನಿ ಕೇಳಿತು, "ಹಾಗಾದ್ರೆ ಜಾಲರಿ ನಾನೇ ಹಾಕಿಸ್ಕೋಬೇಕು ಅಲ್ವಾ ಅಮ್ಮಾ?" ಬಸ್ಸಿಗೇ ಹೋದಳು, ಮುಗಿಯಿತು ಎಂದುಕೊಂಡರು ಸಾಹೇಬರು. ಸಮುದ್ರವೂ ಹೋಯಿತು, ಚಹಾವೂ ಹೋಯಿತು. ಕೋಳಿಗಳು ಬರುತ್ತವೆ.

ಬಂದದ್ದು ಹೆಂಡತಿಯೇ, ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು. ನಲ್ಲಿಗೆ ನೀರು ಬಿಡುವ ಹೊತ್ತು ಮುಗಿದಿತ್ತು, ಆದರೆ ಅವಳ ಮನೆಯಲ್ಲಿ ಯಾವತ್ತೂ ಹಂಡೆ ಖಾಲಿ ಇದ್ದದ್ದಿಲ್ಲ. ಆ ಬೇಸಿಗೆಯಿಂದ ಕಲಿತ ಅಭ್ಯಾಸ ಅದು.

"ಏಳಿ ಏಳಿ. ಬಿರಡೆ ಬಿಗಿ ಮಾಡಿ, ಕೊಳವೆ ಹಿಡೀರಿ. ನಾನು ಹುಯ್ತೀನಿ."

ಅವಳು ಹೊತ್ತಳು, ಅವರು ಹಿಡಿದರು, ಆಮೇಲೆ ಅವರು ಹೊತ್ತರು, ಅವಳು ಹಿಡಿದಳು. ಅರ್ಧದ ದೀಪ ಹತ್ತಿತು. ಸಾಹೇಬರು ಅದನ್ನು ನಂಬದೆ ತಾವೂ ಗಿಣ್ಣಿನಿಂದ ತಟ್ಟಿ ನೋಡಿದರು. ಸ್ವಿಚ್ಚು ಒತ್ತಿದರೆ ಪಂಪು ಗರ್ರೆಂದಿತು, ನಲ್ಲಿ ಕೆಮ್ಮಿತು, ಉಗುಳಿತು, ಆಮೇಲೆ ನೀರು ಧಾರೆಯಾಗಿ ಬಿತ್ತು. ನಲ್ಲಿ ಮುಚ್ಚಿದರೆ ಪಂಪೂ ಬಾಯಿ ಮುಚ್ಚಿತು. ಹೆಂಡತಿ ಟಿಕೆಟನ್ನು ಚೂರು ಚೂರಾಗಿ ಹರಿದು ಗಂಡನ ಜೇಬಿಗೆ ಹಾಕಿದಳು. ಇಕ್ಕಳವನ್ನು ಕಾಂಪೌಂಡಿನ ಮೇಲಿಟ್ಟು, "ಇಟ್ಕೊಳ್ಳಿ ಅಣ್ಣಾ, ಮೊಟ್ಟೆಗೆ ಸೀಲು ಹಾಕ್ಬೋದು," ಎಂದಳು. ಸಾಹೇಬರು ತಡೆಯಲಿಲ್ಲ.

ಕಾರಿನ ಬಾಲ ಹಿಡಿದು ಗಾಡಿಮನೆ ಗೇಟು ದಾಟಿತು. ಬೀದಿಯ ತಿರುವು ಬಂತು.

"ಆಗ ಅಂದ್ರಲ್ಲ ಅಮ್ಮನ ವಿಷಯ," ಎಂದಳು ಹೆಂಡತಿ. "ತಂಗಿ ಎದುರು ಅದನ್ನ ಇನ್ನೊಂದ್ಸಲ ಹೇಳ್ಬೇಕು. ಅವಳೂ ಕೊಡ ಹೊತ್ತಿದಾಳೆ."

"ಅಷ್ಟು ದೂರ ಹೋಗಿ ಅದನ್ನೇ ಹೇಳ್ಬೇಕಾ?"

"ಯಾಕೆ, ನಿಮ್ಮದಲ್ಲದ ವಾರ್ಡಿಗೆ ಸೈಕಲ್ ತುಳ್ಕೊಂಡು ಬಂದಾಗ ದೂರ ಅನ್ನಿಸ್ಲಿಲ್ವಾ?"

ಸಾಹೇಬರು ಗೇರು ಬದಲಿಸಿ ನಾದಿನಿಯ ಊರಿನ ದಾರಿ ಹಿಡಿದರು.